ಮನೆಗೆ ಎಷ್ಟು ವ್ಯಾಟ್? ಗಿಟಾರ್ ಆಂಪ್‌ನ ಒಂದು ಅಂಕಿಯ ಕುರಿತು ಟಿಪ್ಪಣಿ

ಗಿಟಾರ್ ಆಂಪ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ: ಹತ್ತು ಮನೆಗೆ, ಐವತ್ತು ಬ್ಯಾಂಡಿಗೆ, ನೂರು ವೇದಿಕೆಗೆ. ಈ ವಿಂಗಡಣೆ ಪೂರ್ತಿ ಸುಳ್ಳೇನಲ್ಲ. ಆದರೆ ಮನೆಯಲ್ಲಿ, ಅದರಲ್ಲೂ ಅಪಾರ್ಟ್‌ಮೆಂಟಿನಲ್ಲಿ ನುಡಿಸುವವರನ್ನು ಅದು ದಾರಿ ತಪ್ಪಿಸುವುದೇ ಹೆಚ್ಚು. ಮನೆಯ ಮಟ್ಟದ ಸದ್ದಿಗೆ ನಿಜಕ್ಕೂ ಎಷ್ಟು ವಿದ್ಯುತ್ ಬೇಕು, ಅಂಕಿ ಚಿಕ್ಕದಾದರೆ ಸದ್ದೂ ಚಿಕ್ಕದು ಎಂಬ ನಂಬಿಕೆ ವಾಲ್ವ್ ಆಂಪ್‌ಗಳ ಮಟ್ಟಿಗೆ ಏಕೆ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ನೋಡಲಾಗಿದೆ. ಚರ್ಚೆ ಆರು ತಂತಿಯ ಎಲೆಕ್ಟ್ರಿಕ್ ಗಿಟಾರಿಗೆ ಸೀಮಿತ. ಬೇಸ್ ಗಿಟಾರಿನ ಲೆಕ್ಕವೇ ಬೇರೆ.

ಅಂಕಿಯ ಹಿನ್ನೆಲೆ

ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಕೊಂಡವರಿಗೆ ‘ಪಿಎಂಪಿಒ’ ನೆನಪಿರಬಹುದು. ನಾಲ್ಕೈದು ವ್ಯಾಟನ್ನೂ ನೆಟ್ಟಗೆ ಕೊಡಲಾರದ ಪೆಟ್ಟಿಗೆಯ ಮೇಲೆ ನೂರಾರು ವ್ಯಾಟ್ ಎಂದು ಮಿರುಗುವ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಹೆಸರಿರುವ ಗಿಟಾರ್ ಆಂಪ್ ತಯಾರಕರು ಸಾಮಾನ್ಯವಾಗಿ ಆ ಮಟ್ಟಕ್ಕೆ ಇಳಿಯುವುದಿಲ್ಲ. ಅವರು ಕೊಡುವುದು ನಿರಂತರವಾಗಿ ಹರಿಸಬಲ್ಲ ವಿದ್ಯುತ್ತಿನ ಅಂಕಿ. ಇಷ್ಟು ಓಮ್‌ನ ಸ್ಪೀಕರಿಗೆ, ಸ್ವರ ಇಷ್ಟಕ್ಕಿಂತ ಹೆಚ್ಚು ಕೆಡದಂತೆ, ಎಂಬ ಷರತ್ತು ಅದರೊಳಗೆ ಅಡಗಿರುತ್ತದೆ. ಈ ಷರತ್ತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ದೊಡ್ಡ ಅಂಕಿಗಳ ಹುಟ್ಟು ವೇದಿಕೆಯ ಅಗತ್ಯದಿಂದ ಆದದ್ದು. ಫೆಂಡರ್ ಕಂಪನಿ 1948ರಲ್ಲಿ ಕಲಿಯುವವರಿಗೆಂದೇ ಚಿಕ್ಕ ಆಂಪ್ ತಂದಿತು. ಮುಂದೆ ‘ಚಾಂಪ್’ ಎಂದು ಹೆಸರಾದದ್ದು ಅದೇ ವಂಶ. ಒಂದೇ ಒಂದು 6ವಿ6 ಔಟ್‌ಪುಟ್ ವಾಲ್ವ್, 8 ಇಂಚಿನ ಸ್ಪೀಕರ್, ಸುಮಾರು 5 ವ್ಯಾಟ್. ಹತ್ತು ವರ್ಷದ ಬಳಿಕ ಇಂಗ್ಲೆಂಡಿನಲ್ಲಿ ವಾಕ್ಸ್ ಎಸಿ15 ಬಂತು. ‘ದಿ ಶ್ಯಾಡೋಸ್’ ತಂಡದ ಸಭಿಕರ ಕೂಗಾಟದ ಮುಂದೆ ಅದು ಸಾಲದೆ ಎಸಿ30 ಆಯಿತು. 1960ರ ದಶಕದ ನಡುಭಾಗದಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್ಸೆಂಡ್, ಜಾನ್ ಎಂಟ್ವಿಸಲ್ ಒತ್ತಾಯಕ್ಕೆ ಜಿಮ್ ಮಾರ್ಷಲ್ ನೂರು ವ್ಯಾಟಿನ ಆಂಪ್ ಕಟ್ಟಿದರು. 1965ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ನುಡಿಸಿದಾಗ ಅವರ ಬಳಿಯೂ ವಾಕ್ಸ್‌ನ ನೂರು ವ್ಯಾಟಿನ ಆಂಪ್‌ಗಳಿದ್ದವು. ಆದರೂ ಜನರ ಕಿರುಚಾಟದಲ್ಲಿ ಹಾಡು ಮುಳುಗಿಹೋಯಿತು. ಆಗಿನ ಧ್ವನಿವರ್ಧಕ ವ್ಯವಸ್ಥೆ ಹೊರುತ್ತಿದ್ದುದು ಹೆಚ್ಚಾಗಿ ಗಾಯಕರ ದನಿಯನ್ನಷ್ಟೇ. ಗಿಟಾರನ್ನು ಕೊನೆಯ ಸಾಲಿಗೆ ಮುಟ್ಟಿಸುವ ಹೊಣೆ ಆಂಪ್‌ನದೇ ಆಗಿತ್ತು. ಇಂದು ಆಂಪ್ ಮುಂದೆ ಮೈಕ್ ಇಟ್ಟರೆ ಆ ಕೆಲಸ ಮುಗಿಯುತ್ತದೆ; ಹಾಗಿದ್ದೂ ನೂರು ವ್ಯಾಟಿನ ಮೇಲಿನ ಭಕ್ತಿ ಕರಗಿಲ್ಲ. ಎರಿಕ್ ಕ್ಲಾಪ್ಟನ್ 1970ರ ‘ಲೈಲಾ’ ಆಲ್ಬಂ ಧ್ವನಿಮುದ್ರಣಕ್ಕೆ ಬಳಸಿದ್ದು ಚಿಕ್ಕ ಚಾಂಪ್ ಅನ್ನು ಎಂಬುದನ್ನು ಅಂಥ ಭಕ್ತರಿಗೆ ನೆನಪಿಸಬಹುದು.

ಡೆಸಿಬೆಲ್ ಲೆಕ್ಕ

ವಿದ್ಯುತ್ತನ್ನು ದುಪ್ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್. ಹತ್ತು ಪಟ್ಟು ಮಾಡಿದರೆ 10 ಡೆಸಿಬೆಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸುವುದು ಸುಮಾರಾಗಿ ಆಗ. ಅಂದರೆ 100 ವ್ಯಾಟಿನ ಆಂಪ್ 10 ವ್ಯಾಟಿನದಕ್ಕಿಂತ ಹತ್ತು ಪಟ್ಟಲ್ಲ, ಎರಡು ಪಟ್ಟು ಜೋರು. 50ಕ್ಕೂ 100ಕ್ಕೂ ನಡುವಿನ ಅಂತರವಂತೂ ‘ಕೊಂಚ ಜಾಸ್ತಿ’ ಅನ್ನುವಷ್ಟೇ.

ವ್ಯಾಟಿನ ಜೊತೆಗೆ ನೋಡಲೇಬೇಕಾದ ಇನ್ನೊಂದು ಅಂಕಿ ಸ್ಪೀಕರಿನ ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಲೆಕ್ಕ. ಸೆಲೆಶನ್ ಕಂಪನಿಯ 12 ಇಂಚಿನ ‘ಗ್ರೀನ್‌ಬ್ಯಾಕ್’ಗೆ ಇದು 98, ‘ವಿಂಟೇಜ್ 30’ಕ್ಕೆ 100. ಮೇಜಿನ ಮೇಲಿಡುವ ಪುಟ್ಟ ಆಂಪ್‌ಗಳ 3 ಇಂಚಿನ ಸ್ಪೀಕರುಗಳು ಇದಕ್ಕೆ ಬಹಳ ಕೆಳಗೆ ನಿಲ್ಲುತ್ತವೆ. ಲೆಕ್ಕಕ್ಕೆ 85 ಎಂದು ಹಿಡಿಯೋಣ. ಗ್ರೀನ್‌ಬ್ಯಾಕ್‌ಗೂ ಇದಕ್ಕೂ ಅಂತರ 13 ಡೆಸಿಬೆಲ್, ವ್ಯಾಟಿನ ಭಾಷೆಯಲ್ಲಿ ಇಪ್ಪತ್ತು ಪಟ್ಟು. ಒಂದೇ ಅಂಕಿಯ ಎರಡು ಆಂಪ್‌ಗಳು ಕಿವಿಗೆ ಅಜಗಜಾಂತರವಾಗಿ ಕೇಳಲು ಇಷ್ಟು ಸಾಕು.

ಮನೆಯಲ್ಲಿ ಒಬ್ಬರೇ ಕುಳಿತು ನುಡಿಸುವಾಗಿನ ಹಿತವಾದ ಸದ್ದನ್ನು ಒಂದು ಮೀಟರಿನಲ್ಲಿ ಸರಾಸರಿ 75 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಅಷ್ಟೇ ದೂರದಲ್ಲಿ ಇಬ್ಬರ ಸಹಜ ಮಾತು ಸುಮಾರು 60. ಗ್ರೀನ್‌ಬ್ಯಾಕ್ ಸ್ಪೀಕರಿನಲ್ಲಿ 75ಕ್ಕೆ ಬೇಕಾಗುವುದು 98ಕ್ಕಿಂತ 23 ಡೆಸಿಬೆಲ್ ಕಡಿಮೆ, ಅಂದರೆ ವ್ಯಾಟಿನ ಇನ್ನೂರರಲ್ಲಿ ಒಂದು ಭಾಗ. ಐದು ಮಿಲಿವ್ಯಾಟ್! ಆದರೆ ಗಿಟಾರಿನ ಸ್ವರ ಸಮನಾಗಿ ಹರಿಯುವುದಿಲ್ಲ. ತಂತಿ ಮೀಟಿದ ಕ್ಷಣದಲ್ಲಿ ಅದು ಸರಾಸರಿಗಿಂತ ಬಹಳ ಮೇಲಕ್ಕೆ ಜಿಗಿದು ಆಮೇಲೆ ಇಳಿಯುತ್ತದೆ. ಆ ಜಿಗಿತಕ್ಕೆ 15 ಡೆಸಿಬೆಲ್ ಬಿಟ್ಟುಕೊಟ್ಟರೂ ಲೆಕ್ಕ 0.16 ವ್ಯಾಟಿಗೆ ನಿಲ್ಲುತ್ತದೆ. 3 ಇಂಚಿನ ಸ್ಪೀಕರಿಗೆ ಇದೇ ಜಿಗಿತ ತೋರಲು ಸುಮಾರು 3 ವ್ಯಾಟ್ ಬೇಕು. ಹಾಗಾಗಿ ಪುಟ್ಟ ಸ್ಪೀಕರಿನ ಮೇಜಿನ ಆಂಪ್‌ಗೆ 10 ವ್ಯಾಟ್ ಹಾಕುವುದು ಆಡಂಬರವಲ್ಲ, ಅಗತ್ಯ. ದೊಡ್ಡ ಸ್ಪೀಕರಿನ ಆಂಪ್‌ಗಾದರೆ ಕ್ಲೀನ್ ಸ್ವರಕ್ಕೆ ಒಂದು ವ್ಯಾಟೂ ಧಾರಾಳ.

ಐದು ವ್ಯಾಟಿನ ಭ್ರಮೆ

ಹಾಗಿದ್ದರೆ ಮನೆಗೆ 5 ವ್ಯಾಟಿನ ವಾಲ್ವ್ ಆಂಪ್ ತಂದರಾಯಿತಲ್ಲ? ಹೆಚ್ಚಿನವರು ಎಡವುವುದು ಇಲ್ಲಿಯೇ. ಅವರು ಆ ಆಂಪ್ ಕೊಳ್ಳುವುದು ಕ್ಲೀನ್ ಸ್ವರಕ್ಕಾಗಿ ಅಲ್ಲ. ವಾಲ್ವ್ ತನ್ನ ಮಿತಿ ಮುಟ್ಟಿದಾಗ ಸ್ವರ ಒಡೆದು ಬರುವ ಆ ಒರಟು ಸೊಗಸಿಗಾಗಿ. ಅದು ಬರಬೇಕಾದರೆ ಔಟ್‌ಪುಟ್ ವಾಲ್ವ್ ದುಡಿಯಬೇಕು, ಅಂದರೆ 5 ವ್ಯಾಟೂ ಖರ್ಚಾಗಬೇಕು. 8 ಇಂಚಿನ ಸ್ಪೀಕರಿಗೆ 95 ಎಂದು ಹಿಡಿದರೂ ಒಂದು ಮೀಟರಿನಲ್ಲಿ 102 ಡೆಸಿಬೆಲ್ ಆಯಿತು. ಮೊದಲು ಹೇಳಿದ ಷರತ್ತು ಇಲ್ಲಿ ಎದ್ದು ಬರುತ್ತದೆ. 5 ವ್ಯಾಟ್ ಎಂಬುದು ಸ್ವರ ಕೆಡದಿರುವಾಗಿನ ಅಂಕಿ. ಅಲೆಯ ನೆತ್ತಿ ಚಪ್ಪಟೆಯಾಗಿ ಚೌಕಾಕಾರಕ್ಕೆ ತಿರುಗಿದಾಗ, ಅದೇ ಎತ್ತರದಲ್ಲಿ ಹರಿಯುವ ವಿದ್ಯುತ್ ಸಿದ್ಧಾಂತದ ಪ್ರಕಾರ ದುಪ್ಪಟ್ಟಿನವರೆಗೂ ಹೋಗಬಹುದು.

ಕಿವಿ ಕೆಡದಿರಲು ಅಮೆರಿಕದ ನಿಯೋಶ್ ಸಂಸ್ಥೆ ಶಿಫಾರಸು ಮಾಡುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ತಾಸು. ಆಮೇಲೆ ಪ್ರತಿ 3 ಡೆಸಿಬೆಲ್‌ಗೂ ಅವಧಿ ಅರ್ಧ. ಆ ಲೆಕ್ಕದಲ್ಲಿ 102ಕ್ಕೆ ಸಿಗುವುದು ಹತ್ತು ನಿಮಿಷಕ್ಕೂ ಕಡಿಮೆ. ವ್ಯಾಟನ್ನು ಇನ್ನಷ್ಟು ಇಳಿಸಿ ನೋಡಿದರೂ ಪಾರಾಗುವುದು ಕಷ್ಟ. ಮಾರ್ಷಲ್ 2012ರಲ್ಲಿ ತನ್ನ ಐವತ್ತನೇ ವರ್ಷಕ್ಕೆ ಒಂದು ವ್ಯಾಟಿನ ವಾಲ್ವ್ ಆಂಪ್‌ಗಳ ಸರಣಿ ತಂದಿತು. ಅಂಥವನ್ನು ಪೂರ್ತಿ ತಿರುವಿದರೆ ನಮ್ಮ 95ರ ಸ್ಪೀಕರಿನಲ್ಲಿ 95 ಡೆಸಿಬೆಲ್. 0.1 ವ್ಯಾಟಿಗೆ ಇಳಿಸಿದರೆ 85. ಬಾಗಿಲು ಹಾಕಿಕೊಂಡು ಹಗಲಲ್ಲಿ ನುಡಿಸಬಹುದಾದ ಮಟ್ಟ ಅಂತೂ ಇಲ್ಲಿಗೆ ಬಂತು.

ಆದ್ದರಿಂದ ವ್ಯಾಟ್ ನಿಜವಾಗಿ ತಿಳಿಸುವುದು ಆಂಪ್ ಎಷ್ಟು ಮೆತ್ತಗೆ ನುಡಿಯಬಲ್ಲದು ಎಂಬುದನ್ನಲ್ಲ. ಎಷ್ಟು ಜೋರಾದಾಗ ಅದರ ಔಟ್‌ಪುಟ್ ಒಡೆಯತೊಡಗುತ್ತದೆ ಎಂಬುದನ್ನು. ಆ ಒಡೆತವನ್ನು ಬೇರೆಲ್ಲಾದರೂ ಹುಟ್ಟಿಸಬಹುದಾದರೆ ವ್ಯಾಟಿನ ಹಂಗೇ ಇಲ್ಲ. 1975ರಲ್ಲಿ ಮಾರ್ಷಲ್ ತನ್ನ 2203 ಮಾದರಿಗೆ ಮಾಸ್ಟರ್ ವಾಲ್ಯೂಮ್ ಕೊಟ್ಟಿತು. ಗೇನ್ ಏರಿಸಿ ಪ್ರಿಆಂಪ್‌ನಲ್ಲೇ ಸ್ವರ ಒಡೆಸಿ, ಮಾಸ್ಟರ್ ಇಳಿಸಿ ಒಟ್ಟು ಸದ್ದನ್ನು ತಡೆಹಿಡಿಯುವ ಉಪಾಯ ಅದು. ‘ಬೋಸ್ಟನ್’ ತಂಡದ ಟಾಮ್ ಶೋಲ್ಜ್ ‘ಪವರ್ ಸೋಕ್’ ಎಂಬ ಅಟೆನ್ಯುಯೇಟರ್ ತಂದರು: ವಾಲ್ವ್ ದುಡಿಯಲಿ, ಆದರೆ ವಿದ್ಯುತ್ತಿನ ಬಹುಪಾಲು ಸ್ಪೀಕರಿಗೆ ಹೋಗುವ ಮೊದಲೇ ಶಾಖವಾಗಲಿ ಎಂಬ ಎಣಿಕೆ. ಕೆಲಸ ಆಗುತ್ತದೆ, ಆದರೆ ವಾಲ್ವ್ ಸವೆಯುವುದು ತಪ್ಪುವುದಿಲ್ಲ. ಇಂದಿನ ಮಾಡೆಲಿಂಗ್ ಆಂಪ್‌ಗಳಲ್ಲಿ ಒಡೆತ ಚಿಪ್ಪಿನೊಳಗಿನ ಲೆಕ್ಕಾಚಾರ. ಬಾಸ್ ಕಟಾನಾ 50ರಲ್ಲಿ 12 ಇಂಚಿನ ಸ್ಪೀಕರಿನ ಜೊತೆಗೆ 0.5, 25, 50 ವ್ಯಾಟ್ ಎಂದು ಆಯ್ದುಕೊಳ್ಳುವ ನಾಬೇ ಇದೆ. ಇಂಥ 50 ವ್ಯಾಟಿನ ಆಂಪ್ ರಾತ್ರಿ ಎಂಟಕ್ಕೆ ಪಕ್ಕದ ಮನೆಗೆ ತಿಳಿಯದಂತೆ ಒಡೆದ ಸ್ವರ ಕೊಡುತ್ತದೆ. 5 ವ್ಯಾಟಿನ ಚಾಂಪ್ ಕೊಡಲಾರದು.

ವಾಲ್ವ್‌ನ ವ್ಯಾಟ್ ಟ್ರಾನ್ಸಿಸ್ಟರಿನ ವ್ಯಾಟಿಗಿಂತ ದೊಡ್ಡದು ಎಂಬ ಮಾತೂ ಬಳಕೆಯಲ್ಲಿದೆ. ವ್ಯಾಟ್ ವ್ಯಾಟೇ. ವಾಲ್ವ್ ಮಿತಿ ಮೀರಿದಾಗಿನ ಒರಟುತನ ಕಿವಿಗೆ ಹಿತ, ಆದ್ದರಿಂದ ಅದನ್ನು ಮಿತಿಯಾಚೆಗೂ ಓಡಿಸುತ್ತಾರೆ. ಟ್ರಾನ್ಸಿಸ್ಟರ್ ಮಿತಿ ಮೀರಿದರೆ ಕರ್ಕಶ, ಅದಕ್ಕೇ ಅಷ್ಟರೊಳಗೆ ನಿಲ್ಲಿಸುತ್ತಾರೆ. ವ್ಯತ್ಯಾಸದ ಹೆಚ್ಚಿನ ಪಾಲು ಇಷ್ಟೇ ಎಂದು ನನ್ನ ಎಣಿಕೆ.

ಕೋಣೆ, ಗೋಡೆ, ಕಿವಿ

ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟ ಸಂಗತಿಯೊಂದಿದೆ: ಸದ್ದು ಇಳಿದಂತೆ ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕಳೆದುಕೊಳ್ಳುವುದಿಲ್ಲ, ಮಂದ್ರ ಮೊದಲು ಮಸುಕಾಗುತ್ತದೆ. ಮನೆಯ ಮಟ್ಟದಲ್ಲಿ ಆಂಪ್‌ಗೆ ‘ದಮ್ಮಿಲ್ಲ’ ಅನ್ನಿಸುವುದರಲ್ಲಿ ಇದರ ಪಾಲು ದೊಡ್ಡದು. ಬೇಸ್ ನಾಬನ್ನು ಸ್ವಲ್ಪ ಏರಿಸಿದರೆ ತೀರುವ ಕೊರತೆಗೆ ಎಷ್ಟೋ ಮಂದಿ ಹೆಚ್ಚು ವ್ಯಾಟಿನ ಆಂಪ್ ಕೊಂಡಿದ್ದಾರೆ. ನೆಲದ ಮೇಲಿಟ್ಟ ಆಂಪ್‌ನದೂ ಇಂಥದೇ ಕಥೆ. 12 ಇಂಚಿನ ಸ್ಪೀಕರಿನಿಂದ ತಾರದ ಸ್ವರಗಳು ನೇರವಾಗಿ, ಕಿರಿದಾಗಿ ಹೊರಡುತ್ತವೆ. ಎದುರು ನಿಂತವರ ಮೊಣಕಾಲಿಗೆ ಅವು ಬಡಿಯುತ್ತವೆ, ಕಿವಿಗೆ ಮಂಕಾದ ಸ್ವರವಷ್ಟೇ ಮುಟ್ಟುತ್ತದೆ. ಸಾಲದೆಂದು ವಾಲ್ಯೂಮ್ ಏರುತ್ತದೆ. ಆಂಪ್ ಅನ್ನು ಕುರ್ಚಿಯ ಮೇಲಿಟ್ಟು ಹಿಂದಕ್ಕೆ ವಾಲಿಸಿದರೆ ಅದೇ ಸ್ಪಷ್ಟತೆ ಕಡಿಮೆ ಸದ್ದಿನಲ್ಲಿ ಸಿಗುತ್ತದೆ. ಕೆಳಮನೆಯ ಚಾವಣಿಗೆ ನೆಲದ ಮೂಲಕ ಇಳಿಯುವ ಅದುರೂ ತಗ್ಗುತ್ತದೆ.

ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಯನ್ನೇ ತೆಗೆದುಕೊಳ್ಳಿ. ಹತ್ತು ಅಡಿ ಅಂತರದ ಎರಡು ಬರಿಗೋಡೆಗಳ ನಡುವೆ ಸುಮಾರು 112 ಹರ್ಟ್ಸ್‌ನ ಅಲೆಯೊಂದು ಸರಿಯಾಗಿ ಹಿಡಿಸುತ್ತದೆ. ಗಿಟಾರಿನ ಐದನೇ ತಂತಿಯನ್ನು ಬಿಡಿಯಾಗಿ ಮೀಟಿದರೆ ಬರುವುದು 110. ಅಂಥ ಕೋಣೆಯಲ್ಲಿ ಆ ಒಂದು ಸ್ವರ ಮಿಕ್ಕವುಗಳಿಗಿಂತ ಉಬ್ಬಿ ನಿಲ್ಲುತ್ತದೆ, ಕಿಟಕಿಯ ಸಡಿಲ ಗಾಜು ಗಿರಗಿರ ಅನ್ನುತ್ತದೆ. ಆಂಪ್ ಗೋಡೆಗೆ ಒರಗಿದ್ದರಂತೂ ಇನ್ನೂ ಜಾಸ್ತಿ. ಅದನ್ನು ಗೋಡೆಯಿಂದ ಎರಡೂವರೆ ಅಡಿ, ಅಂದರೆ ಅಗಲದ ಕಾಲುಭಾಗ, ಮುಂದಕ್ಕೆ ತಂದರೆ ಆ ಅಲೆಗೆ ಸಿಗುವ ಒತ್ತಾಸೆ ಬಹಳ ಕಡಿಮೆಯಾಗುತ್ತದೆ.

ಗೋಡೆ ತಾರವನ್ನು ತಡೆಯುವಷ್ಟು ಮಂದ್ರವನ್ನು ತಡೆಯುವುದಿಲ್ಲ. ಪಕ್ಕದ ಮನೆಯವರಿಗೆ ರಾಗ ಕೇಳದೆ ಬರೀ ‘ಧಿಂ ಧಿಂ’ ಕೇಳುವುದು ಅದಕ್ಕೇ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ ಇಟ್ಟಿವೆ. ಖಾಸಗಿ ಧ್ವನಿ ಸಾಧನಗಳ ಸದ್ದು ಆ ಜಾಗದ ಎಲ್ಲೆಯಲ್ಲಿ ಇದನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಕಿಟಕಿ ತೆರೆದಿದ್ದರೆ 75ರ ಮಟ್ಟವೂ ರಾತ್ರಿಯ ಮಿತಿಗೆ ಸುಲಭವಾಗಿ ತಾಗೀತು. ಹತ್ತರ ಮೇಲೆ ಹೆಡ್‌ಫೋನೇ ಗತಿ. ಆದ್ದರಿಂದ ಹೆಡ್‌ಫೋನ್ ಜ್ಯಾಕ್‌ನಲ್ಲಿ ಸ್ಪೀಕರಿನ ನಾದವನ್ನು ಅನುಕರಿಸುವ ಸೌಕರ್ಯ ಇದೆಯೇ ಎಂದು ನೋಡುವುದು ವ್ಯಾಟ್ ನೋಡುವುದಕ್ಕಿಂತ ಮುಖ್ಯ.

ಅಂಗಡಿಯಲ್ಲಿ

ಅಂಗಡಿಯಲ್ಲಿ ಆಂಪ್ ಪರೀಕ್ಷಿಸುವವರು ಅದನ್ನು ಏರಿಸಿ ನೋಡುತ್ತಾರೆ. ಮನೆಗೆ ಕೊಳ್ಳುವವರು ಇಳಿಸಿ ನೋಡಬೇಕು. ವಾಲ್ಯೂಮ್ ನಾಬ್ ಸೊನ್ನೆಯಿಂದ ಒಂದರವರೆಗೆ ಏನೂ ಕೇಳಿಸದೆ, ಒಂದೂಕಾಲಕ್ಕೆ ತಟ್ಟನೆ ಕೋಣೆ ತುಂಬುವ ಆಂಪ್‌ಗಳಿವೆ. ಆ ಕಾಲುಗೆರೆಯ ಅಂತರದಲ್ಲೇ ನಮ್ಮ ಇಡೀ ಸಂಗೀತ ಜೀವನ ಸಾಗಬೇಕಾಗುತ್ತದೆ. ಪಕ್ಕದವರ ಜೊತೆ ದನಿಯೇರಿಸದೆ ಮಾತಾಡಬಹುದಾದ ಮಟ್ಟಕ್ಕೆ ಸದ್ದನ್ನು ನಯವಾಗಿ ತರಲು ಆಗುತ್ತದೆಯೇ, ಅಲ್ಲಿ ಆಂಪ್‌ನ ಸ್ವಂತ ಗುಂಯ್ ಸದ್ದು ಸ್ವರವನ್ನು ನುಂಗುತ್ತದೆಯೇ, ಒಡೆದ ಸ್ವರ ಅಲ್ಲೂ ಒಡೆದೇ ಕೇಳುತ್ತದೆಯೇ, ಇವನ್ನು ಗಮನಿಸಬೇಕು. ಇಷ್ಟು ಸರಿಯಿದ್ದರೆ ಹಣೆಯ ಮೇಲೆ 10 ಇರಲಿ, 50 ಇರಲಿ, ತೊಂದರೆಯಿಲ್ಲ. ನನ್ನ ಮಟ್ಟಿಗೆ ಫ್ಲ್ಯಾಟಿನಲ್ಲಿರುವವರಿಗೆ ಮಾಡೆಲಿಂಗ್ ಆಂಪ್ ಮೊದಲ ಆಯ್ಕೆ. ಬಿಡಿ ಮನೆಯಿದ್ದು ವಾಲ್ವ್ ಬೇಕೇಬೇಕು ಅನ್ನುವವರಿಗೆ ಮಾಸ್ಟರ್ ವಾಲ್ಯೂಮ್ ಇರುವ 15 ವ್ಯಾಟಿನದು, ಮಾಸ್ಟರ್ ಇಲ್ಲದ 5 ವ್ಯಾಟಿನದಕ್ಕಿಂತ ಮೇಲು.

ಅಮೆರಿಕದಲ್ಲಿರುವ ನೆಂಟರ ಕೈಲಿ ಆಂಪ್ ತರಿಸುವವರಿಗೆ ವ್ಯಾಟಿನದೇ ಇನ್ನೊಂದು ತೊಡಕು ಕಾದಿರುತ್ತದೆ. ಅಲ್ಲಿನ ಆಂಪ್ 120 ವೋಲ್ಟಿನದು, ಇಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 15 ವ್ಯಾಟಿನ ಆಂಪ್ ಎಂದು 50 ವ್ಯಾಟಿನ ಟ್ರಾನ್ಸ್‌ಫಾರ್ಮರ್ ತಂದರೆ ಅದು ಸುಟ್ಟೀತು. ಸ್ಪೀಕರಿಗೆ 15 ವ್ಯಾಟ್ ಕೊಡುವ ವಾಲ್ವ್ ಆಂಪ್ ವಾಲ್ವ್‌ಗಳ ಹೀಟರಿಗೂ ಶಾಖಕ್ಕೂ ಸೇರಿ ಗೋಡೆಯಿಂದ ಅದರ ಹಲವು ಪಟ್ಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಆರಿಸಲು ನೋಡಬೇಕಾದದ್ದು ಆಂಪ್‌ನ ಬೆನ್ನ ಮೇಲೆ ಅಚ್ಚಾದ ವಿದ್ಯುತ್ ಬಳಕೆಯ ಅಂಕಿಯನ್ನು, ಅದರ ಮೇಲೂ ಒಂದಿಷ್ಟು ಮಿಗಿಸಿ. 60 ಹರ್ಟ್ಸ್‌ಗೆಂದೇ ಸುತ್ತಿದ ಒಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. ಬೆನ್ನಿನ ಪಟ್ಟಿಯಲ್ಲಿ 50/60 ಎಂದು ಬರೆದಿಲ್ಲದಿದ್ದರೆ ತರಿಸದಿರುವುದೇ ಕ್ಷೇಮ.