ಪ್ರತಿ ಇದ್ದರೆ ಆಸ್ತಿ: ತಾಮ್ರಪಟದಿಂದ ಹಾರ್ಡ್ ಡಿಸ್ಕ್‌ವರೆಗೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಅನೇಕ ಮನೆಗಳಲ್ಲಿ ಇಂದು ಕಂಪ್ಯೂಟರ್ ಇದೆ. ಮಕ್ಕಳ ಅಂಕಪಟ್ಟಿ, ಹೊಲದ ಉತಾರ, ನಿಕಾಹ್‌ನಾಮೆ, ಹಜ್ಜಿಗೆ ಹೋಗಿ ಬಂದ ಹಿರಿಯರ ಫೋಟೋ, ಅಂಗಡಿಯ ಲೆಕ್ಕ, ಎಲ್ಲವನ್ನೂ ಅದರಲ್ಲಿ ತುಂಬಿಟ್ಟಿದ್ದೇವೆ. ಇಷ್ಟೆಲ್ಲ ಇರುವುದು ಅಂಗೈಯಗಲದ ಒಂದೇ ಡಿಸ್ಕಿನಲ್ಲಿ. ಅದು ಒಂದು ದಿನ ಕೆಟ್ಟರೆ ಗತಿ ಏನು? ಈ ಪ್ರಶ್ನೆ ಹೊಸದೆಂದು ನಿಮಗೆ ಅನ್ನಿಸಬಹುದು. ಆದರೆ ಬರೆದದ್ದನ್ನು ಉಳಿಸಿಕೊಳ್ಳುವ ಚಿಂತೆ ಬರವಣಿಗೆಯಷ್ಟೇ ಹಳೆಯದು. ಆ ಇತಿಹಾಸವನ್ನು ಸ್ವಲ್ಪ ತಿಳಿದುಕೊಂಡರೆ ಅಂಗಡಿಯಲ್ಲಿ ಯಾವ ಡಿಸ್ಕ್ ಕೊಳ್ಳಬೇಕು, ಅದನ್ನು ಹೇಗೆ ಬಳಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಎದೆಯಲ್ಲೂ ಹಾಳೆಯಲ್ಲೂ

ಪವಿತ್ರ ಕುರ್‌ಆನ್ ಪ್ರವಾದಿ ಮುಹಮ್ಮದ್ (ಸ) ಅವರ ಕಾಲದಲ್ಲಿ ಸಹಾಬಿಗಳ ಎದೆಯಲ್ಲಿತ್ತು. ಖರ್ಜೂರದ ಗರಿ, ಚರ್ಮ, ಎಲುಬುಗಳ ಮೇಲೆ ಬರಹದಲ್ಲಿಯೂ ಇತ್ತು. ಪ್ರವಾದಿಯವರ ನಿಧನದ ನಂತರ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದರು. ಇದನ್ನು ಕಂಡು ಕಳವಳಗೊಂಡ ಹಜ್ರತ್ ಉಮರ್ (ರ), ಎಲ್ಲವನ್ನೂ ಒಂದೆಡೆ ಬರೆಯಿಸಬೇಕೆಂದು ಖಲೀಫ ಹಜ್ರತ್ ಅಬೂಬಕರ್ (ರ) ಅವರಿಗೆ ಹೇಳಿದರು. ಆ ಹೊಣೆ ಹಜ್ರತ್ ಝೈದ್ ಬಿನ್ ಸಾಬಿತ್ (ರ) ಅವರ ಮೇಲೆ ಬಂತು. ಅವರು ಬರಹವನ್ನು ಕಂಠಪಾಠದೊಂದಿಗೆ, ಕಂಠಪಾಠವನ್ನು ಬರಹದೊಂದಿಗೆ ತಾಳೆ ನೋಡಿದರು. ಮುಂದೆ ಹಜ್ರತ್ ಉಸ್ಮಾನ್ (ರ) ಅವರ ಕಾಲದಲ್ಲಿ, ಹಜ್ರತ್ ಹಫ್ಸಾ (ರ) ಅವರ ಬಳಿಯಿದ್ದ ಆ ಸಂಗ್ರಹದಿಂದ ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪ್ರಾಂತಗಳಿಗೆ ಕಳಿಸಲಾಯಿತು. ಮೂಲ ಹಾಳೆಗಳನ್ನು ಅವರಿಗೇ ಹಿಂತಿರುಗಿಸಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಮೂರು ಸಂಗತಿ. ಪ್ರತಿಗಳು ಒಂದಕ್ಕಿಂತ ಹೆಚ್ಚು. ಅವು ಇದ್ದದ್ದು ಬೇರೆ ಬೇರೆ ಊರುಗಳಲ್ಲಿ. ಎದೆ ಮತ್ತು ಹಾಳೆ ಎಂಬ ಎರಡು ಬಗೆಯ ಆಶ್ರಯಗಳಲ್ಲಿ. ಇದಕ್ಕೆ ನಾಲ್ಕನೆಯದನ್ನೂ ಸೇರಿಸಬಹುದು: ಪ್ರತಿವರ್ಷ ರಮಜಾನಿನ ತರಾವೀಹ್‌ನಲ್ಲಿ ಹಾಫಿಜರು ಓದುವಾಗ ಹಿಂದೆ ನಿಂತು ಕೇಳುವ ಇನ್ನೊಬ್ಬ ಹಾಫಿಜರು ತಪ್ಪಿದ್ದನ್ನು ತಿದ್ದುತ್ತಾರೆ. ಅಂದರೆ ಉಳಿಸಿದ್ದು ಸರಿಯಾಗಿ ಉಳಿದಿದೆಯೇ ಎಂಬ ಪರೀಕ್ಷೆ ಎಂದೂ ನಿಂತಿಲ್ಲ.

ಕಲ್ಲು, ತಾಮ್ರ, ಕಾಗದ

ನಮ್ಮ ಭಾಗಕ್ಕೆ ಬರೋಣ. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ ಎಂಬ ಹೆಸರಿನಲ್ಲಿ ರಟ್ಟ ಅರಸರ ರಾಜಧಾನಿಯಾಗಿತ್ತು. ಅವರು ಕೊಟ್ಟ ದತ್ತಿಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕಲ್ಲು ಗಟ್ಟಿ, ಆದರೆ ಜಾಗ ಬಿಟ್ಟು ಕದಲದು. ಪಕ್ಕದ ಖಾನಾಪುರ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ದೊರೆತಿವೆ. ತಾಮ್ರಪಟವನ್ನು ಮನೆಯಲ್ಲಿ ಬಚ್ಚಿಡಬಹುದು, ಆದರೆ ಕರಗಿಸಿದರೆ ಮುಗಿಯಿತು. 19ನೇ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಇಂತಹ ಶಾಸನಗಳನ್ನು ಓದಿ ಮುದ್ರಿಸಿದರು. ಕಲ್ಲು ಸವೆದರೂ ಪಾಠ ಪುಸ್ತಕದಲ್ಲಿ ಉಳಿಯಿತು. ಅದೂ ಒಂದು ಪ್ರತಿಯೇ.

ಕಾಗದದ ಕಥೆ ಹೆಚ್ಚು ನೋವಿನದು. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕ ತೆಗೆದುಕೊಂಡದ್ದನ್ನು ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಮುಟ್ಟಿದಾಗ ಆತ ಅದನ್ನು ನಂಬಲಿಲ್ಲ. ಅದರ ಮೇಲಿನ ಸಹಿಯನ್ನೇ ಸಂಶಯಿಸಿದ. ಖಜಾನೆಗೆ ಮುದ್ರೆ ಬಿತ್ತು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದರು. ಕಂಪನಿಗೆ ಬೇಕಾಗಿದ್ದದ್ದು ಸಂಸ್ಥಾನ, ಕಾಗದ ಬರೀ ನೆಪ ಎಂಬುದು ನಿಜ. ಆದರೆ ಬಲಾಢ್ಯನ ಮುಂದೆ ಬಡವನ ಕಾಗದವೇ ಮೊದಲು ಪರೀಕ್ಷೆಗೆ ಗುರಿಯಾಗುತ್ತದೆ ಎಂಬುದೂ ಅಷ್ಟೇ ನಿಜ.

ಮುಂದೆ ಇನಾಮ್ ಕಮಿಷನ್ ಬಂತು. 1852ರ ಕಾಯ್ದೆಯ ಬಲದಿಂದ ಅದು ನಮ್ಮ ಸೀಮೆಯ ಇನಾಮುದಾರರಿಗೆ, ‘ಈ ಭೂಮಿಗೆ ಸನದು ಎಲ್ಲಿದೆ?’ ಎಂದು ಕೇಳಿತು. ತಲೆಮಾರುಗಳಿಂದ ಉಣ್ಣುತ್ತಿದ್ದ ಭೂಮಿಗೆ ಅನೇಕರ ಕೈಯಲ್ಲಿ ಕಾಗದ ಇರಲಿಲ್ಲ. ಸುಮಾರು 20,000 ಇನಾಮುಗಳು ಜಪ್ತಿಯಾದವೆಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಎಂಬ ಅಧಿಕಾರಿಯನ್ನೇ 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಕೊಂದದ್ದು. ಆ ಘಟನೆ ನಡೆದದ್ದು ಇಂದಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ.

ಬಿಜಾಪುರದ ಆದಿಲಶಾಹಿ ಗ್ರಂಥಭಂಡಾರವನ್ನೂ ನೆನೆಯಿರಿ. 1686ರಲ್ಲಿ ರಾಜ್ಯ ಬಿದ್ದ ನಂತರ ಅದು ಚದುರಿತು. ಅಸಾರ್ ಮಹಲಿನಲ್ಲಿ ಉಳಿದ ಅರಬಿ-ಫಾರಸಿ ಹಸ್ತಪ್ರತಿಗಳು 19ನೇ ಶತಮಾನದ ಮಧ್ಯದಲ್ಲಿ ಲಂಡನ್ ಸೇರಿದವು. ನಮ್ಮಲ್ಲಿ ಪ್ರತಿ ಉಳಿಯದೆ ಹೋದದ್ದರಿಂದ ನಮ್ಮ ಮಕ್ಕಳು ನಮ್ಮದೇ ಪುಸ್ತಕ ನೋಡಲು ಸಮುದ್ರ ದಾಟಬೇಕಾಯಿತು.

ಉತಾರದಿಂದ ಪೋರ್ಟಲ್‌ಗೆ

ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಉತಾರದ ಕಾಲ ಮುಗಿಯಿತು. 2025ರ ಜೂನ್‌ನಲ್ಲಿ ವಕ್ಫ್ ಆಸ್ತಿಗಳ ವಿವರ ಏರಿಸಲು ‘ಉಮೀದ್’ ಪೋರ್ಟಲ್ ಬಂತು. ಮಸೀದಿ, ದರ್ಗಾ, ಖಬರಸ್ತಾನಗಳ ಕಾಗದಪತ್ರಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವುದು ಎಷ್ಟು ಮುಖ್ಯವೆಂದು ಸಮಿತಿಗಳಿಗೆ ಮನವರಿಕೆಯಾಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ತಾಲೂಕಿನ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ಅಂತಹ ಹೊತ್ತಿನಲ್ಲಿ ಟ್ರಂಕಿನಲ್ಲಿದ್ದ ಅಂಕಪಟ್ಟಿಗೂ ಮೇಜಿನ ಕೆಳಗಿನ ಕಂಪ್ಯೂಟರಿಗೂ ನೀರು ಭೇದ ಮಾಡುವುದಿಲ್ಲ. ಪ್ರತಿ ಬೇರೆ ಊರಲ್ಲಿದ್ದವನು ಮಾತ್ರ ನಿಶ್ಚಿಂತ.

ಡಿಸ್ಕ್ ಬೆಳೆದ ಬಗೆ

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. 24 ಇಂಚಿನ 50 ತಟ್ಟೆಗಳು, ಒಂದು ಟನ್ನಿನಷ್ಟು ಭಾರ. ಹಿಡಿಯುತ್ತಿದ್ದದ್ದು 4 ಎಂಬಿಗೂ ಕಡಿಮೆ. ಇಂದಿನ ಮೊಬೈಲ್ ಫೋಟೋ ಒಂದಕ್ಕೇ ಅದು ಸಾಲದು. 1980ರಲ್ಲಿ ಸೀಗೇಟ್ ಕಂಪನಿ ಸಣ್ಣ ಕಂಪ್ಯೂಟರುಗಳಿಗೆ 5 ಎಂಬಿಯ ಡಿಸ್ಕ್ ಮಾಡಿತು. ಆಮೇಲೆ 1.44 ಎಂಬಿಯ ಫ್ಲಾಪಿ, 700 ಎಂಬಿಯ ಸಿಡಿ, 4.7 ಜಿಬಿಯ ಡಿವಿಡಿಗಳು ಬಂದು ಹೋದವು. 2000ದಲ್ಲಿ ಯುಎಸ್‌ಬಿ 2.0 ಬಂದ ಮೇಲೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಮನೆಮಾತಾಯಿತು. 2011ರಲ್ಲಿ ಥಾಯ್ಲೆಂಡಿನ ಪ್ರವಾಹ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿದಾಗ ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಏರಿತು. ಒಂದೇ ಕಡೆ ಎಲ್ಲವನ್ನೂ ಇಡಬಾರದೆಂಬ ಪಾಠ ಡಿಸ್ಕ್ ಮಾಡುವವರಿಗೂ ತಪ್ಪಲಿಲ್ಲ.

ನೀವು ಕೊಳ್ಳುವಾಗ

ಮನೆಯಲ್ಲಿರುವ ಎಲ್ಲ ಕಂಪ್ಯೂಟರುಗಳ ಫೈಲುಗಳನ್ನು ಕೂಡಿಸಿ ನೋಡಿ, ಅದರ ಎರಡು ಪಟ್ಟು ಸಾಮರ್ಥ್ಯದ ಡಿಸ್ಕ್ ಕೊಳ್ಳಿರಿ. 1 ಟಿಬಿ ಡಿಸ್ಕಿನಲ್ಲಿ 4 ಎಂಬಿಯ ಎರಡೂವರೆ ಲಕ್ಷ ಫೋಟೋ ಹಿಡಿಯುತ್ತವೆ. ಸಾಮಾನ್ಯ ಮನೆಗೆ ಇಷ್ಟು ಸಾಕು. 2.5 ಇಂಚಿನ ಡಿಸ್ಕಿಗೆ ಯುಎಸ್‌ಬಿ ವಯರಿನಿಂದಲೇ ಕರೆಂಟು ಸಿಗುತ್ತದೆ. 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದ ಮೊದಲನೆಯದೇ ಲೇಸು. ಯುಎಸ್‌ಬಿ 3.0 ಇರಲಿ. ಹಳೆಯ 2.0ರಲ್ಲಿ 100 ಜಿಬಿ ನಕಲಾಗಲು ಹೆಚ್ಚುಕಡಿಮೆ ಒಂದು ತಾಸು ಬೇಕು, 3.0ರಲ್ಲಿ ಕಾಲು ತಾಸಿನ ಆಸುಪಾಸು ಸಾಕು.

ತಿರುಗುವ ತಟ್ಟೆಯ ಡಿಸ್ಕ್ ಅಗ್ಗ, ಆದರೆ ಕೈಜಾರಿ ಬಿದ್ದರೆ ಕೆಡಬಹುದು. ಎಸ್‌ಎಸ್‌ಡಿ ಪೆಟ್ಟು ತಾಳುತ್ತದೆ, ವೇಗವೂ ಹೆಚ್ಚು. ಆದರೆ ಬೆಲೆ ಜಾಸ್ತಿ, ವರ್ಷಗಟ್ಟಲೆ ಕರೆಂಟಿಲ್ಲದೆ ಪೆಟ್ಟಿಗೆಯಲ್ಲಿಡಲು ಅದು ತಕ್ಕದ್ದಲ್ಲ. ಕೆಲವೇ ನೂರು ರೂಪಾಯಿಗೆ ಹಲವು ಟಿಬಿ ಎಂದು ಮಾರುವ ಪೆನ್ ಡ್ರೈವ್, ಡಿಸ್ಕುಗಳು ಮೋಸದವು. ಅವು ತುಂಬಿದಂತೆ ತೋರಿಸಿ ಫೈಲು ನುಂಗುತ್ತವೆ. ಬಿಲ್ಲು, ಗ್ಯಾರಂಟಿ ಇಲ್ಲದ್ದನ್ನು ಕೊಳ್ಳಬೇಡಿರಿ. ಗ್ಯಾರಂಟಿಯಲ್ಲಿ ಹೊಸ ಡಿಸ್ಕ್ ಸಿಕ್ಕೀತು, ಹಳೆಯ ಫೋಟೋ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಕೊಂಡರಷ್ಟೇ ಸಾಲದು. ಒಟ್ಟು ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಮನೆಯ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ರಾಮದುರ್ಗದವರು ಧಾರವಾಡದ ಅಕ್ಕನ ಮನೆಯಲ್ಲಿ ಒಂದು ಡಿಸ್ಕ್ ಇಟ್ಟು, ಈದಿಗೆ ಹೋದಾಗ ಬದಲಿಸಿಕೊಂಡು ಬಂದರೆ ಸಾಕು. ನಕಲಾದ ಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿರಿ. 2017ರ ಮೇ ತಿಂಗಳ ವಾನಾಕ್ರೈ ವೈರಸ್ ನೀವು ಕೇಳಿರಬಹುದು. ಅಂತಹ ವೈರಸ್ಸುಗಳು ಜೋಡಿಸಿಟ್ಟ ಡಿಸ್ಕಿಗೂ ಬೀಗ ಹಾಕುತ್ತವೆ. ವರ್ಷಕ್ಕೆರಡು ಸಲ ಹತ್ತು ಫೈಲುಗಳನ್ನು ತೆರೆದು ನೋಡಿರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದ ಕನ್ನಡ ಬರಹಗಳನ್ನು ಯೂನಿಕೋಡಿಗೆ ತಿರುಗಿಸಿಡಿರಿ. ಇಲ್ಲವಾದರೆ ಫೈಲು ಉಳಿದರೂ ಅಕ್ಷರ ಓದಲಾಗದು. ಡಿಸ್ಕ್ ಐದಾರು ವರ್ಷದ್ದಾದರೆ ಹೊಸದಕ್ಕೆ ಇಳಿಸಿಕೊಳ್ಳಿರಿ. ಪಾಸ್‌ವರ್ಡ್ ಹಾಕಿದ್ದರೆ ಮನೆಯ ಇನ್ನೊಬ್ಬ ನಂಬಿಕಸ್ಥರಿಗೂ ಗೊತ್ತಿರಲಿ.

ಕೊನೆಯ ಮಾತು

ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಸೂರಃ ಅಲ್ ಬಕರದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಬರೆದಿಟ್ಟದ್ದು ಬೇಕಾದಾಗ ಸಿಗದಿದ್ದರೆ ಬರೆದ ಉದ್ದೇಶವೇ ಈಡೇರಲಿಲ್ಲ. ಸಂಘಸಂಸ್ಥೆಗಳ ಪದಾಧಿಕಾರಿಗಳೇ, ವಿದ್ಯಾರ್ಥಿವೇತನದ ಲೆಕ್ಕ, ದಾಖಲಾತಿ ಪುಸ್ತಕ, ಜಾಗದ ಕಾಗದಗಳು ನಿಮ್ಮ ಸ್ವಂತದ್ದಲ್ಲ, ಸಮುದಾಯದ ಅಮಾನತ್ತು. ಅವನ್ನು ಸ್ಕ್ಯಾನ್ ಮಾಡಿಸಿ ಎರಡು ಡಿಸ್ಕಿನಲ್ಲಿ ಇಡಿರಿ. ಮೂಲ ಕಾಗದವನ್ನೂ ಬಿಸಾಡಬೇಡಿರಿ. ವಿದ್ಯಾರ್ಥಿಗಳೇ, ಈ ಕೆಲಸ ಹಿರಿಯರಿಗಿಂತ ನಿಮಗೆ ಸುಲಭ. ಈ ರಜೆಯಲ್ಲಿ ನಿಮ್ಮ ಮನೆಯ, ನಿಮ್ಮ ಮೊಹಲ್ಲಾದ ಮಸೀದಿಯ ಕಾಗದಗಳಿಂದಲೇ ಆರಂಭಿಸಿರಿ. ನಾಳೆ ಯಾರಾದರೂ ‘ಸನದು ಎಲ್ಲಿದೆ?’ ಎಂದು ಕೇಳಿದಾಗ ನಮ್ಮ ಕೈ ಬರಿದಾಗಿರದಂತೆ ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.