ಪಾಲನೆಯ ಪ್ರಶ್ನೆ: ಬೆಂಗಳೂರಿನ ಕೆರೆಗಳು ಮತ್ತು ನಿವಾಸಿಗಳ ಸ್ವಯಂಸೇವಾ ಸಂಘಗಳು

ಕೆರೆ ಕಟ್ಟಿಸಿದವರ ಕೀರ್ತಿಯನ್ನು ನಮ್ಮ ಶಾಸನಗಳು ಹಾಡಿರುವುದು ಎಲ್ಲರಿಗೂ ಗೊತ್ತು. ಕಟ್ಟಿದ ಕೆರೆ ಕೆಡದಂತೆ ಅವು ಮಾಡಿಟ್ಟ ಏರ್ಪಾಟಿನ ಕಡೆಗೆ ವಿದ್ವಾಂಸರ ಗಮನ ಹೋದದ್ದು ಕಡಿಮೆ. ಬಿತ್ತುವಟ್ಟ, ಕಟ್ಟುಕೊಡಗೆಯಂಥ ದತ್ತಿಗಳ ಮೂಲಕ ಗದ್ದೆಯ ಹುಟ್ಟುವಳಿಯಲ್ಲಿ ಒಂದು ಭಾಗ ಹೂಳೆತ್ತುವುದಕ್ಕೆ, ಏರಿಯ ದುರಸ್ತಿಗೆ ಮೀಸಲಾಗುತ್ತಿತ್ತು. ತೂಬು ತೆಗೆದು ಮುಚ್ಚುವ ನೀರಗಂಟಿಗೆ ಸುಗ್ಗಿಯ ಕಣದಲ್ಲೇ ಪಾಲು ಸಲ್ಲುತ್ತಿತ್ತು. ಅಂದರೆ ಪಾಲನೆಗೆ ಗೊತ್ತಾದ ಆಳೂ ಇತ್ತು, ಆದಾಯವೂ ಇತ್ತು. ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಲಾಗದು: ನೀರಗಂಟಿ ಹಲವೆಡೆ ದಲಿತನಾಗಿದ್ದ, ಅವನು ಹರಿಸಿದ ನೀರು ಉಣಿಸಿದ್ದು ಬಹುಮಟ್ಟಿಗೆ ಮೇಲ್ಜಾತಿಯವರ ಗದ್ದೆಗಳನ್ನು.

ಬೆಂಗಳೂರಿನಲ್ಲಿ ಈ ಏರ್ಪಾಟು ಮೆಲ್ಲಗೆ ಕಳಚಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಬೆಂಗಳೂರಿಗೆ ನೀರು ಬಂತು. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದವು. ನೀರಗಂಟಿಗೆ ಕೆಲಸವಿಲ್ಲದಾಯಿತು, ಕೆರೆ ಮಾತ್ರ ಅಲ್ಲೇ ಉಳಿಯಿತು. ನಿವಾಸಿಗಳ ಸಂಘಗಳು ಇಂದು ನಿಂತಿರುವುದು ಹೀಗೆ ತೆರವಾದ ಜಾಗದಲ್ಲಿ ಎಂಬುದು ಈ ಲೇಖನದ ವಾದ. ಅವರ ದುಡಿಮೆಯನ್ನು ಭಾನುವಾರದ ಸ್ವಚ್ಛತಾ ಕಾರ್ಯವೆಂದು ಬಗೆದರೆ ಅದರ ತಿರುಳೇ ಕೈತಪ್ಪುತ್ತದೆ.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನೋಡಬಹುದು. (ಯಲಹಂಕದಲ್ಲಿ ಇದೇ ಹೆಸರಿನ ಇನ್ನೊಂದು ಕೆರೆಯಿದೆ, ಅದು ಬೇರೆ.) ಸುಮಾರು 13 ಎಕರೆಯ ಈ ಪುಟ್ಟ ಕೆರೆಗಾಗಿ ಸುತ್ತಲಿನವರು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು. ಮರುವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಿರ್ವಹಣೆಯನ್ನು ಒಪ್ಪಂದದ ಮೂಲಕ ಅವರಿಗೆ ವಹಿಸಿತು. ಹೂಳೆತ್ತಿ, ಬೇಲಿ ಹಾಕಿ, ನಡಿಗೆ ದಾರಿ ಮಾಡಿಕೊಟ್ಟದ್ದು ಪಾಲಿಕೆ. ನಿಜವಾದ ತೊಡಕು ಆಮೇಲೆ ಶುರುವಾಯಿತು. ಕಟ್ಟಡ, ರಸ್ತೆಗಳು ಜಲಾನಯನವನ್ನು ತುಂಡರಿಸಿದ್ದರಿಂದ ಮಳೆನೀರು ಸಾಕಷ್ಟು ಬರುತ್ತಿರಲಿಲ್ಲ. ಬಂದದ್ದರಲ್ಲಿ ಕೊಳಚೆ ಬೆರೆತಿರುತ್ತಿತ್ತು. ಕೊನೆಗೆ ನೆರೆಯ ವಸತಿ ಸಮುಚ್ಚಯವೊಂದರ ಸಂಸ್ಕರಿಸಿದ ನೀರನ್ನು ಕೆರೆಗೆ ಹಾಯಿಸಬೇಕಾಯಿತು. ಇದನ್ನು ಸಾಧಿಸಲು ಮೊದಲು ಅಕ್ಕಪಕ್ಕದವರನ್ನು ಒಪ್ಪಿಸಬೇಕು, ಆಮೇಲೆ ಬರುವ ನೀರಿನ ಗುಣವನ್ನು ಬಿಡದೆ ಗಮನಿಸಬೇಕು. ಅದರ ಜೊತೆಗೆ ಅಂತರಗಂಗೆ, ಜೊಂಡು ಕೀಳಿಸುವುದು, ಕೂಲಿಯವರಿಗೆ ಸಂಬಳ ಹೊಂದಿಸುವುದು, ದೇಣಿಗೆಯ ಲೆಕ್ಕ ಇಡುವುದು, ಹಬ್ಬದ ಕಾಲದಲ್ಲಿ ಗಣಪತಿ ಮೂರ್ತಿ ನೀರಿಗಿಳಿಯದಂತೆ ಕಾಯುವುದು. ಬಿಡುವೇ ಇಲ್ಲದ ಕೆಲಸಗಳಿವು.

ಬಿಡುವಿಲ್ಲದಿರುವುದಕ್ಕೆ ಕಾರಣ ಕೊಳಚೆಯ ರಸಾಯನದಲ್ಲಿದೆ. ಅದರೊಡನೆ ಬರುವ ಸಾರಜನಕ, ರಂಜಕಗಳನ್ನು ಉಂಡು ಪಾಚಿಯೂ ಕಳೆಯೂ ಕೊಬ್ಬುತ್ತವೆ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. ಜಲಚರಗಳಿಗಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಿಗದಿಪಡಿಸಿದ ಮಟ್ಟ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ. ಪಾಚಿ ಉಸಿರಾಡುವ ರಾತ್ರಿಯಲ್ಲಿ ಆಮ್ಲಜನಕ ಇನ್ನೂ ಇಳಿದು, ಬೆಳಗಾಗುವಷ್ಟರಲ್ಲಿ ಮೀನು ತೇಲುವುದುಂಟು. ಇಂಥ ಅಪಾಯದ ಸುಳಿವು ಮೊದಲು ಸಿಗುವುದು ದಿನವೂ ಏರಿಯ ಮೇಲೆ ನಡೆಯುವವರಿಗೆ: ವಾಸನೆ ಬದಲಾಗುತ್ತದೆ, ಕಾಲುವೆಯ ಬಾಯಲ್ಲಿ ನೊರೆ ಕಾಣುತ್ತದೆ. ಕಚೇರಿಗೆ ಈ ಸುದ್ದಿ ಮುಟ್ಟುವುದು ತಡವಾಗಿ.

ಜಕ್ಕೂರು ಕೆರೆ ಪುಟ್ಟೇನಹಳ್ಳಿ ಕೆರೆಗಿಂತ ಬಹು ದೊಡ್ಡದು, ಸುಮಾರು 160 ಎಕರೆ. ಅಲ್ಲಿ ಸಂಸ್ಕರಣಾ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿಕೊಂಡು ಕೆರೆ ಸೇರುವ ಏರ್ಪಾಟಿದೆ. ಆದರೆ ಜೌಗಿಗೂ ಕಳೆ ಕೀಳುವ ಕೈಗಳು ಬೇಕು, ಘಟಕ ಕೆಟ್ಟರೆ ದನಿಯೆತ್ತುವವರು ಬೇಕು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಪಾಲನೆಯ ಅಗತ್ಯ ತಪ್ಪದು.

ಈ ಪಾಲಕರಿಗೆ ಕಾನೂನಿನ ನೆಲೆ ಮಾತ್ರ ತೀರ ತೆಳುವು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೆರೆಗಳ ವಿಷಯದಲ್ಲಿ ಕಾರ್ಪೊರೇಟ್ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳದಂತೆ ಪಾಲಿಕೆಯನ್ನು ತಡೆಯಿತು. ಸಾರ್ವಜನಿಕ ಸೊತ್ತು ಖಾಸಗಿಯವರ ಪಾಲಾಗಬಾರದೆಂಬ ಕಾಳಜಿ ನ್ಯಾಯವಾದದ್ದೇ. ಕೆರೆಗಳನ್ನು ಗುತ್ತಿಗೆಗೆ ಕೊಟ್ಟ ಹಿಂದಿನ ಪ್ರಯೋಗಗಳ ಕಹಿ ಈ ಊರಿಗೆ ಗೊತ್ತಿದೆ. ಆದರೆ ನಿವಾಸಿಗಳ ಸಂಘಗಳ ಒಪ್ಪಂದಗಳ ನವೀಕರಣವೂ ಅದರೊಂದಿಗೆ ನಿಂತುಹೋಯಿತು. ಕಾಗದ ಕೈಬಿಟ್ಟ ಮೇಲೂ ಸ್ವಯಂಸೇವಕರು ಏರಿ ಬಿಟ್ಟು ಕದಲಲಿಲ್ಲ ಎನ್ನುವುದನ್ನು ನಾನು ಗೌರವದಿಂದ ದಾಖಲಿಸುತ್ತೇನೆ. ಹೊಣೆ ಹೊತ್ತವರಿಗೆ ಅಧಿಕಾರದ ಒಂದೆಳೆಯೂ ಇಲ್ಲದಿರುವುದು ಅನ್ಯಾಯ.

ಗೌರವವಿದ್ದೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಬೇಲಿ, ಗೇಟು, ನಡಿಗೆ ದಾರಿ ಬಂದ ಕೆರೆಯಲ್ಲಿ ದನ ಮೇಯಿಸುವವರು, ಮೇವಿಗೆ ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು ಎಲ್ಲಿ ಹೋಗಬೇಕು? ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಅಧ್ಯಯನಗಳು ಬೆಂಗಳೂರಿನ ಕೆರೆಗಳ ಸುತ್ತ ಈ ಹೊರದೂಡುವಿಕೆಯನ್ನು ವಿವರವಾಗಿ ತೋರಿಸಿವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಸಂಘ ಹಳ್ಳಿಯವರನ್ನೂ ಹೊಸ ನಿವಾಸಿಗಳನ್ನೂ ಒಟ್ಟಿಗೆ ಕರೆತರಲು ಯತ್ನಿಸಿದ್ದು ಈ ಕಾರಣಕ್ಕೆ ಗಮನಾರ್ಹ. ಹುಲ್ಲು ಕೊಯ್ದರೆ ಕೆರೆಯಂಚಿನ ಪೋಷಕಾಂಶ ಹೊರಹೋಗುತ್ತದೆ, ಮೀನು ಹಿಡಿದರೂ ಅಷ್ಟೇ. ಆದ್ದರಿಂದ ಮೀನುಗಾರರನ್ನೂ ಹುಲ್ಲು ಕೊಯ್ಯುವವರನ್ನೂ ಸಂಘದ ಸದಸ್ಯರನ್ನಾಗಿ ಸೇರಿಸಿಕೊಳ್ಳುವುದು ನ್ಯಾಯದ ಮಾತಾಗಿರುವಂತೆ ನೀರಿನ ಆರೋಗ್ಯದ ಮಾತೂ ಆಗಿದೆ. ಮುಂದಿನ ಯಾವುದೇ ಒಪ್ಪಂದದಲ್ಲಿ ಅವರ ಪ್ರವೇಶದ ಹಕ್ಕು ಮತ್ತು ಒಳಹರಿವಿನ ಮೇಲ್ವಿಚಾರಣೆಯ ಅಧಿಕಾರ ಎರಡೂ ಬರಹದಲ್ಲಿರಬೇಕು.