ಕಾಲುವೆಯ ಗೇಜು ಸುಳ್ಳು ಹೇಳಿದರೆ?

ಶರಣ ಭೋಗಯ್ಯನ ಊರೆಂದು ಹೆಸರಾದ ಕೆಂಭಾವಿಯ ಸುತ್ತಿನ ಎರೆಹೊಲಗಳಿಗೆ ಕಾಲುವೆಯ ನೀರು ಹೊಸದು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ಮೂಲಕ ಕೃಷ್ಣೆ ಈ ಸೀಮೆಗೆ ಹರಿದಳು. ಜೊತೆಯಲ್ಲೇ ಒಂದು ತಕರಾರೂ ಹರಿದು ಬಂತು: ಮೇಲಿನವರಿಗೆ ಧಾರಾಳ, ಕೊನೆಯ ಹೊಲಕ್ಕೆ ಬರ.

ಆಗ ಅಳತೆಯೆಂದರೆ ಕಾಲುವೆಯ ಗೋಡೆಗೆ ಬರೆದ ಗೇಜು. ಅದನ್ನು ನೋಡಿ ಬರೆದುಕೊಳ್ಳಲು ಒಬ್ಬ, ಗೇಟು ತಿರುಗಿಸಲು ಒಬ್ಬ. ಲೆಕ್ಕದಲ್ಲಿ ಅನುಮಾನ ಬಂದರೆ ರೈತ ದಂಡೆಗುಂಟ ನಡೆದು ಹೋಗಿ ಕಣ್ಣಾರೆ ನೋಡಬಹುದಿತ್ತು. ಕೃಷ್ಣಾ ಭಾಗ್ಯ ಜಲ ನಿಗಮ ಈಗ ಇದೇ ಕಾಲುವೆಗೆ ‘ಸ್ಕಾಡಾ’ ವ್ಯವಸ್ಥೆ ಅಳವಡಿಸಿದೆ. ಕಾಲುವೆಯ ನವೀಕರಣ ಯೋಜನೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಸ್ಕಾಡಾದಲ್ಲಿ ನೀರಿನ ಮಟ್ಟವನ್ನು ಸೆನ್ಸರ್ ಓದುತ್ತದೆ; ದೂರದ ಕಂಪ್ಯೂಟರಿನ ಆಜ್ಞೆಯಂತೆ ಗೇಟು ಏರಿಳಿಯುತ್ತದೆ.

ಆ ಸೆನ್ಸರಿಗೇ ಯಾರಾದರೂ ಸುಳ್ಳು ಕಲಿಸಿದರೆ? ದಕ್ಷಿಣ ಫ್ರಾನ್ಸಿನ ಗಿನ್ಯಾಕ್ ಕಾಲುವೆಯಲ್ಲಿ ಸೌರಭ್ ಅಮೀನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಪಕ್ಕದ ತೂಬಿನಿಂದ ನೀರು ಎಳೆಯುವುದು, ಸೆನ್ಸರಿನ ಅಂಕಿಯನ್ನು ತಿದ್ದಿ ಮಟ್ಟ ಇಳಿದೇ ಇಲ್ಲವೆಂದು ತೋರಿಸುವುದು: ಇಷ್ಟರಿಂದಲೇ ಕಳವು ಕಂಪ್ಯೂಟರಿನ ಕಣ್ಣಿಗೆ ಬೀಳದೆ ಹೋಯಿತು. ಅದೇ ವರ್ಷ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಕುತಂತ್ರಾಂಶವು ಇರಾನಿನ ಅಣು ಘಟಕದಲ್ಲಿ ಯಂತ್ರಗಳನ್ನು ಕೆಡಿಸುತ್ತಲೇ, ಮೊದಲೇ ದಾಖಲಿಸಿಟ್ಟ ಸರಿಯಾದ ಅಂಕಿಗಳನ್ನು ಮತ್ತೆ ಮತ್ತೆ ತೋರಿಸುತ್ತಿತ್ತು.

ಇದಕ್ಕೆ ಮದ್ದೇನು? ಮೊದಲನೆಯದು ಜಮಾಖರ್ಚು. ಮೇಲಿನ ಗೇಟಿನಿಂದ ನೂರು ಕ್ಯೂಸೆಕ್ ಹೊರಟರೆ, ಅದು ತಲುಪುವ ವೇಳೆಗೆ ತೂಬುಗಳ ಪಾಲು, ಇಂಗಿದ್ದು, ಕೆಳಗೆ ಹರಿದದ್ದು ಕೂಡಿ ನೂರಾಗಬೇಕು. ಆಗದಿದ್ದರೆ ಒಂದು ಸೆನ್ಸರ್ ಸುಳ್ಳಾಡುತ್ತಿದೆ, ಇಲ್ಲವೇ ನೀರು ಎಲ್ಲೋ ಸೋರುತ್ತಿದೆ. ಎರಡನೆಯದು ಬಹುಮತ. ಒಂದೇ ಮಟ್ಟವನ್ನು ಮೂರು ಸೆನ್ಸರುಗಳು ಅಳೆದರೆ ಒಂದರ ಸುಳ್ಳನ್ನು ಉಳಿದೆರಡು ಬಯಲಿಗೆಳೆಯುತ್ತವೆ. ಆದರೆ ಹೆಚ್ಚಿನವು ವೈರಿಯ ಕೈಸೇರಿದರೆ ಈ ಪಂಚಾಯಿತಿಯೂ ನಡೆಯದು. ಮೂರನೆಯದು ಗುಟ್ಟಿನ ಪರೀಕ್ಷೆ. ಯಿಲಿನ್ ಮೋ ಮತ್ತು ಬ್ರೂನೋ ಸಿನೋಪೋಲಿ 2009ರಲ್ಲಿ ಮುಂದಿಟ್ಟ ಈ ಉಪಾಯವನ್ನು ಕಾಲುವೆಗೆ ಅನ್ವಯಿಸಿದರೆ, ಹೊತ್ತುಗೊತ್ತಿಲ್ಲದೆ ಗೇಟನ್ನು ತುಸುವೇ ಅಲುಗಿಸಬೇಕು. ನಿಜವಾದ ಸೆನ್ಸರ್ ಆ ಅಲುಗಾಟವನ್ನು ತೋರಿಸುತ್ತದೆ. ಹಳೆಯ ದಾಖಲೆ ತೋರಿಸದು.

ಪತ್ತೆಯಾದ ಮೇಲೂ ನೀರು ನಿಲ್ಲಬಾರದು. ಅನುಮಾನ ಬಂದ ಸೆನ್ಸರನ್ನು ಬದಿಗಿಟ್ಟು ಉಳಿದವುಗಳ ಲೆಕ್ಕದಿಂದ ಹರಿವನ್ನು ನಡೆಸಬೇಕು, ಗೇಟನ್ನು ಕೈಯಿಂದ ತಿರುಗಿಸುವ ಅನುಕೂಲ ಉಳಿಸಿಕೊಳ್ಳಬೇಕು. ಗೋಡೆಯ ಮೇಲಿನ ಹಳೆಯ ಗೇಜನ್ನೂ ಅಳಿಸಬಾರದು. ಪರದೆಯ ಮೇಲೆ ಕಾಲುವೆ ತುಂಬಿ ಹರಿಯುತ್ತಿರುವಾಗ ಕೊನೆಯ ಹೊಲದ ರೈತ ‘ನೀರು ಬಂದಿಲ್ಲ’ ಎಂದರೆ, ಅದನ್ನು ಬರೀ ದೂರೆಂದು ಬದಿಗೆ ಸರಿಸುವಂತಿಲ್ಲ. ಅದೂ ಒಂದು ಅಳತೆ. ದೂರದಲ್ಲಿ ಕುಳಿತವನು ತಿದ್ದಲಾಗದ ಅಳತೆ.